ಎರಡನೆಯ ನೋಟಕ್ಕೆ ಸಿಕ್ಕ ಹಾವು

ಅಹಮದಾಬಾದಿನಿಂದ ಪೂರ್ವಕ್ಕೆ ಹೊರಟರೆ ಖೇಡಾ ಸೀಮೆಯ ತಂಬಾಕಿನ ಹೊಲಗಳು ಬಹಳ ದೂರ ಜೊತೆಗೆ ಬರುತ್ತವೆ. ಆಮೇಲೆ ನೆಲ ಸಣ್ಣಗೆ ಏಳತೊಡಗುತ್ತದೆ, ಜಾಲಿಯ ಪೊದೆಗಳು ಹೆಚ್ಚುತ್ತವೆ, ಬಾಲಾಸಿನೋರ್ ಬರುತ್ತದೆ. ಒಂದು ಕಾಲಕ್ಕೆ ಬಾಬಿ ನವಾಬರ ಪುಟ್ಟ ಸಂಸ್ಥಾನ, ಈಗ ಮಹಿಸಾಗರ ಜಿಲ್ಲೆಯ ತಾಲ್ಲೂಕು ಪಟ್ಟಣ. ಫಾಫಡಾ ಕರಿಯುವ ಅಂಗಡಿ, ಮೊಬೈಲ್ ರಿಪೇರಿ, ಬೀಜ ಗೊಬ್ಬರದ ಬೋರ್ಡು. ನಮ್ಮ ಯಾವ ತಾಲ್ಲೂಕು ಕೇಂದ್ರಕ್ಕೂ ಇದನ್ನು ಎತ್ತಿಡಬಹುದು. ಅಲ್ಲಿಂದ ಇನ್ನಷ್ಟು ದೂರ ಹೋದರೆ ರೈಯೋಲಿ. ಜಗತ್ತಿನ ದೊಡ್ಡ ಡೈನೋಸಾರ್ ಮೊಟ್ಟೆ ನೆಲೆಗಳ ಪಟ್ಟಿಯಲ್ಲಿ ತಪ್ಪದೆ ಬರುವ ಹೆಸರು ಈ ಹಳ್ಳಿಯದು.

ನಾನು ಬೆಂಗಳೂರಿನವಳು. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ಮೂಳೆ ಎಂಬುದೇ ಭೂಮಿಯ ಮೇಲೆ ಇರಲಿಲ್ಲ, ಹಾಗಾಗಿ ಅದರ ಮೇಲೆ ಎಷ್ಟು ಬೆಳಗಿನ ವಾಕಿಂಗ್ ಮಾಡಿದರೂ ಯಾವ ಪ್ರಾಣಿಯೂ ಸಿಗುವುದಿಲ್ಲ. ಕಲ್ಲಿನಲ್ಲಿ ಜೀವದ ಗುರುತು ಹುಡುಕುವ ಅಭ್ಯಾಸವೇ ಇಲ್ಲದ ಕಣ್ಣು ನನ್ನದು. ರೈಯೋಲಿಯ ಗುಡ್ಡ ಹತ್ತಿದಾಗಲೂ ಮೊದಲಿಗೆ ಕಂಡದ್ದು ಮಾಸಲು ಬಣ್ಣದ ಸುಣ್ಣಕಲ್ಲು, ಒಣಹುಲ್ಲು, ಮೇಕೆ ಹಿಕ್ಕೆ.

ನಮಗೆ ಜಾಗ ತೋರಿಸಲು ಬಂದಿದ್ದ ಊರಿನ ಹುಡುಗ ಏನೂ ಹೇಳದೆ ಕುಡಿಯುವ ನೀರಿನ ಬಾಟಲಿ ತೆಗೆದು ಬಂಡೆಯ ಮೇಲೆ ಸುರಿದ. "ಈಗ ನೋಡಿ, ಬೆನ್." ಒದ್ದೆಯಾದ ಕಲ್ಲು ಕಪ್ಪಾಯಿತು. ಅದರೊಳಗೆ ಒಂದು ಭಾಗ ಮಾತ್ರ ಬೇರೆ ಬಣ್ಣಕ್ಕೆ ತಿರುಗಿತು. ಉದ್ದಕ್ಕೆ, ತುದಿಯಲ್ಲಿ ದಪ್ಪಗಾಗಿ, ಒಳಗೆಲ್ಲ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ರಂಧ್ರ. ತೊಡೆಯ ಮೂಳೆಯ ತುಂಡು ಎಂದ. ಇನ್ನೆರಡು ಹೆಜ್ಜೆ ಆಚೆ ಮತ್ತೆ ನೀರು ಹಾಕಿದ. ಅಲ್ಲೊಂದು ವೃತ್ತ ಎದ್ದಿತು, ಪಕ್ಕದಲ್ಲಿ ಇನ್ನೊಂದು, ಅದಕ್ಕೆ ತಾಗಿ ಮುಕ್ಕಾಲು ಪಾಲು ಸವೆದ ಮತ್ತೊಂದು. ಮೊಟ್ಟೆಗಳು. ಬಿಸಿಲಿಗೆ ನೀರು ಆರಿದಂತೆ ಅವು ಒಂದೊಂದಾಗಿ ಮತ್ತೆ ಕಲ್ಲಾಗಿಬಿಟ್ಟವು. ನಾನು ನನ್ನ ಬಾಟಲಿಯನ್ನೂ ಅವನ ಕೈಗೆ ಕೊಟ್ಟೆ.

ಇಲ್ಲಿ ಡೈನೋಸಾರ್ ಹುಡುಕಬೇಕೆಂದು ಯಾರೂ ಬಂದಿರಲಿಲ್ಲ. 1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ಎಂದರೆ ಎಲ್ಲರ ಬಾಯಲ್ಲಿ ಜಿಎಸ್‌ಐನವರು, ಸೀಮೆಯ ಕಲ್ಲಿನ ನಕ್ಷೆ ಮಾಡುತ್ತಿದ್ದರು. ಸಿಮೆಂಟಿಗೆ ಸುಣ್ಣಕಲ್ಲು ತೆಗೆಯುವ ಗಣಿಗಳಲ್ಲಿ ಗುಂಡಗಿನ ಕಲ್ಲುಗಳು ಕಾಣಿಸಿಕೊಂಡವು. ಗುಂಡಗಿನ ಕಲ್ಲು ಪ್ರಕೃತಿಗೆ ಹೊಸದೇನಲ್ಲ. ಸುಣ್ಣದ ಅಂಶ ನೆಲದೊಳಗೆ ತಾನಾಗಿಯೇ ಉಂಡೆಗಟ್ಟುತ್ತದೆ. ಮೊಟ್ಟೆ ಎನ್ನಲು ಸಾಕ್ಷಿ ಬೇಕು. ಆ ಸಾಕ್ಷಿ ಇರುವುದು ಗುಂಡಗಿನ ಆಕಾರದಲ್ಲಲ್ಲ, ಅದರ ಮೇಲಿನ ಕೆಲವೇ ಮಿಲಿಮೀಟರ್ ದಪ್ಪದ ಸಿಪ್ಪೆಯಲ್ಲಿ.

ಅಂಥ ಸಿಪ್ಪೆಯ ಚೂರನ್ನು ಭೂತಗನ್ನಡಿಯಲ್ಲಿ ನೋಡಿದೆ. ಬೆರಳಿನ ಉಗುರಿಗಿಂತ ಚಿಕ್ಕದು, ಬೂದು ಬಣ್ಣ. ಹೊರಮೈ ನುಣುಪಾಗಿಲ್ಲ, ತುಂಬ ಸಣ್ಣ ಗುಳ್ಳೆಗಳು ಎದ್ದಂತಿದೆ. ನನ್ನ ಜೊತೆ ಬಂದಿದ್ದ ಗೆಳತಿ ಕಲಬುರಗಿಯವಳು, ಭೂಗರ್ಭಶಾಸ್ತ್ರ ಓದಿ ಅದನ್ನೇ ಪಾಠ ಮಾಡುವವಳು. ಇಂಥ ಚೂರನ್ನು ಅಂಟಿನಲ್ಲಿ ಹೂತು, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಏನು ಕಾಣುತ್ತದೆಂದು ಆಕೆ ನನ್ನ ನೋಟ್‌ಬುಕ್ಕಿನಲ್ಲೇ ಬರೆದು ತೋರಿಸಿದಳು: ಕೆಳಗೊಂದು ಬಿಂದು, ಅಲ್ಲಿಂದ ಮೇಲಕ್ಕೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಕ್ಯಾಲ್ಸೈಟ್ ಹರಳುಗಳು, ಅಂಥ ಬೀಸಣಿಗೆಗಳ ಸಾಲು, ನಡುನಡುವೆ ಒಳಗಿನ ಮರಿಗೆ ಉಸಿರಾಡಲು ಬಿಟ್ಟ ಕೊಳವೆಗಳು. ಉಂಡೆಗಟ್ಟಿದ ಸುಣ್ಣಕ್ಕೆ ಉಸಿರಿನ ಕೊಳವೆ ಬೇಕಿಲ್ಲ. ಇಲ್ಲಿನ ಮೊಟ್ಟೆಗಳಲ್ಲಿ ಬಹುಪಾಲು ಟೈಟನೋಸಾರ್ ಗುಂಪಿನವು, ಎಂದರೆ ಉದ್ದ ಕತ್ತಿನ, ಸೊಪ್ಪು ತಿನ್ನುವ ದೈತ್ಯರವು. ತಾಯಿ ಎಷ್ಟೇ ದೊಡ್ಡದಿದ್ದರೂ ಮೊಟ್ಟೆಯ ಅಡ್ಡಳತೆ ಒಂದು ಗೇಣು ದಾಟುವುದಿಲ್ಲ. ಅದಕ್ಕಿಂತ ದೊಡ್ಡದಾದರೆ ಸಿಪ್ಪೆ ಇನ್ನೂ ದಪ್ಪಗಾಗಬೇಕು, ದಪ್ಪಗಾದರೆ ಮರಿಗೆ ಒಡೆಯಲಾಗದು, ಉಸಿರೂ ಕಟ್ಟೀತು.

ಬಾಲಾಸಿನೋರ್ ಮನೆತನದ ಆಲಿಯಾ ಸುಲ್ತಾನಾ ಬಾಬಿ ಈ ಜಾಗದ ಕಾವಲಿಗೆ ವರ್ಷಗಳಿಂದ ನಿಂತವರು. ಊರಿನ ಅಜ್ಜಿಯೊಬ್ಬರು ಮಸಾಲೆ ಅರೆಯಲು ಬಳಸುತ್ತಿದ್ದ ಗುಂಡುಕಲ್ಲು ಡೈನೋಸಾರ್ ಮೊಟ್ಟೆಯಾಗಿತ್ತು ಎಂದು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಈ ಕಥೆಗೆ ನಗುವವರೇ ಹೆಚ್ಚು. ನನಗೆ ಅಜ್ಜಿಯ ಬಗ್ಗೆ ಗೌರವವೇ ಮೂಡಿತು. ಅಷ್ಟು ಕಲ್ಲುಗಳ ನಡುವೆ ಅದು ಬೇರೆ ಥರದ್ದು, ಕೈಗೆ ಸರಿಯಾಗಿ ಕೂರುತ್ತದೆ ಎಂದು ಆರಿಸಿ ತಂದವರು ಅವರೇ ತಾನೆ?

ಗುಡ್ಡದ ಮೇಲಿನ ಬಂಡೆಗಳಲ್ಲಿ ಮೂಳೆಗಳು ಚಿಕ್ಕಿಯೊಳಗಿನ ಶೇಂಗಾ ಬೀಜದ ಹಾಗೆ ದಿಕ್ಕಾಪಾಲಾಗಿ ಕೂತಿವೆ. ಇವು ಒಂದೇ ಪ್ರಾಣಿಯವಲ್ಲ, ಒಂದೇ ಜಾತಿಯವೂ ಅಲ್ಲ. ಹಳೆಯ ನೀರು ಎಲ್ಲೆಲ್ಲಿಂದಲೋ ಹೊತ್ತು ತಂದು ಒಂದೆಡೆ ಸುರಿದದ್ದು. ಇದರಿಂದ ಒಂದು ಪ್ರಾಣಿಯನ್ನು ಬಿಡಿಸಿ ತೆಗೆಯುವುದು ಹೇಗೆ? ಇಲ್ಲಿ ನಡೆದ ಉತ್ಖನನದ ಕಥೆಯಲ್ಲಿ ನನಗೆ ಹೀರೋ ಅನ್ನಿಸಿದ್ದು ಸುತ್ತಿಗೆಯಲ್ಲ, ಒಂದು ಕಾಗದ. ಜಿಎಸ್‌ಐನ ಸುರೇಶ್ ಶ್ರೀವಾಸ್ತವ 1982ರಿಂದ 84ರ ನಡುವೆ ಇಲ್ಲಿಂದ ನೂರಾರು ಮೂಳೆ ಎತ್ತಿದರು. ಎತ್ತುವ ಮೊದಲು ಪ್ರತಿಯೊಂದೂ ಎಲ್ಲಿ, ಯಾವುದರ ಪಕ್ಕ, ಯಾವ ದಿಕ್ಕಿಗೆ ಮಲಗಿತ್ತೆಂದು ನಕ್ಷೆ ಬರೆದಿಟ್ಟರು. ಮೂಳೆಗಳು ಉಗ್ರಾಣ ಸೇರಿದವು, ವರ್ಷಗಳು ಕಳೆದವು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್, ಪಾಲ್ ಸೆರೆನೊ ಭಾರತದ ಸಹೋದ್ಯೋಗಿಗಳ ಜೊತೆ ಕೂತು ಆ ಸಂಗ್ರಹವನ್ನು ಮತ್ತೆ ಹರವಿಕೊಂಡಾಗ ಕೈಹಿಡಿದದ್ದು ಆ ನಕ್ಷೆ. ಹತ್ತಿರ ಹತ್ತಿರ ಬಿದ್ದಿದ್ದ ಸೊಂಟದ ಮೂಳೆ, ಬೆನ್ನುಮಣಿ, ಕಾಲಿನ ಮೂಳೆ, ತಲೆಬುರುಡೆಯ ಹಿಂಭಾಗ ಒಂದೇ ಪ್ರಾಣಿಯವೆಂದು ಹೊಂದಿಕೊಂಡವು. ಹಣೆಯ ಮೇಲೊಂದು ಗಿಡ್ಡ ಕೊಂಬು. ಮಾಂಸಾಹಾರಿ. 2003ರಲ್ಲಿ ಹೆಸರಿಟ್ಟರು: ರಾಜಾಸಾರಸ್ ನರ್ಮದೆನ್ಸಿಸ್. ಅದರ ಹತ್ತಿರದ ನೆಂಟ ಮಡಗಾಸ್ಕರಿನ ಮಜುಂಗಸಾರಸ್. ಭಾರತ ಆ ದ್ವೀಪದಿಂದ ಕಳಚಿಕೊಂಡು ಒಂಟಿಯಾಗಿ ಉತ್ತರಕ್ಕೆ ತೇಲುವ ಮೊದಲಿನ ನೆಂಟಸ್ತನ ಅದು.

ಉದ್ದ ಎಷ್ಟು ಎಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ: ಆರೂವರೆ ಮೀಟರಿನಿಂದ ಒಂಬತ್ತರವರೆಗೆ. ಮೂಳೆ ಅವೇ, ಅಂದಾಜಿಗೆ ಹೋಲಿಸಿಕೊಂಡ ಪ್ರಾಣಿ ಬೇರೆ. ಮ್ಯೂಸಿಯಂಗಳಲ್ಲಿ ಬಣ್ಣ ಬಳಿದು, ಹಲ್ಲು ಕಿರಿದು ನಿಲ್ಲಿಸಿದ ಗೊಂಬೆಗಳು ಈ ಅನುಮಾನವನ್ನು ಹೇಳುವುದೇ ಇಲ್ಲ. ರೈಯೋಲಿಯಲ್ಲೂ 2019ರಲ್ಲಿ ತೆರೆದ ಮ್ಯೂಸಿಯಂ ಇದೆ. ಮಕ್ಕಳು ಅಲ್ಲಿ ಗೊಂಬೆಯ ಕಾಲು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಒಳ್ಳೆಯದೇ. ಆದರೆ ಬಿಸಿಲಿಗೆ ಹೆದರಿ ಅದನ್ನಷ್ಟೇ ನೋಡಿ ಹಿಂದಿರುಗುವವರು ಗುಡ್ಡವನ್ನು ಕಳೆದುಕೊಳ್ಳುತ್ತಾರೆ.

ನೆಲದಿಂದ ಮೂಳೆ ಎತ್ತುವ ಕೆಲಸವನ್ನು ಗೆಳತಿ ಬೇರೆ ಕಡೆ ಮಾಡಿದ್ದಳು. ಸಂಜೆ ಬಾಲಾಸಿನೋರಿನ ಚಹಾದಂಗಡಿಯ ಬೆಂಚಿನ ಮೇಲೆ ಅದರ ವರ್ಣನೆ ನಡೆಯಿತು. ಮೊದಲು ನೆಲ ನೋಡುತ್ತ ನಡೆಯುವುದು, ಬರೀ ನಡೆಯುವುದು. ಮಳೆನೀರು ಹರಿದಿಳಿದ ಕೊರಕಲಿನಲ್ಲಿ ಚೂರು ಸಿಕ್ಕರೆ ಅದು ಎಲ್ಲಿಂದ ಉರುಳಿ ಬಂತೆಂದು ಏರಿನ ಕಡೆಗೆ ಹುಡುಕುವುದು. ಕಲ್ಲೋ ಮೂಳೆಯೋ ಎಂಬ ಅನುಮಾನ ಬಂದರೆ ಚೂರನ್ನು ನಾಲಗೆಗೆ ತಾಗಿಸುವುದು. ಮೂಳೆಯ ಸೂಕ್ಷ್ಮ ರಂಧ್ರಗಳು ತೇವ ಹೀರಿಕೊಂಡು ನಾಲಗೆಗೆ ಅಂಟಿಕೊಳ್ಳುತ್ತವೆ, ಸಾಮಾನ್ಯ ಕಲ್ಲು ಅಂಟುವುದಿಲ್ಲ. "ಪಿಎಚ್‌ಡಿ ಮಾಡಿ ಕಲಿತದ್ದು ಇದನ್ನೇ ಏನೇ? ಕಲ್ಲು ನೆಕ್ಕೋದು?" ಎಂದೆ. "ಹೂಂ ಮತ್ತ, ಪುಕ್ಕಟೆ ಪರೀಕ್ಷೆ, ಕರೆಂಟ್ ಬ್ಯಾಡ, ಗ್ರ್ಯಾಂಟ್ ಬ್ಯಾಡ" ಎಂದಳು.

ಮೂಳೆ ಸಿಕ್ಕಮೇಲೆ ಆತುರ ಕೂಡದು. ಸುತ್ತ ದಾರ ಕಟ್ಟಿ ಚೌಕ ಮಾಡಬೇಕು, ಫೋಟೊ ಹಿಡಿಯಬೇಕು, ನಕ್ಷೆ ಬರೆಯಬೇಕು. ಬಿರುಕುಗಳಿಗೆ ಅಸಿಟೋನಿನಲ್ಲಿ ಕರಗಿಸಿದ ತೆಳು ಅಂಟು ಕುಡಿಸಬೇಕು. ಅದು ಎಂಥ ಅಂಟಿರಬೇಕೆಂದರೆ, ನಾಳೆ ಇನ್ನೊಬ್ಬರು ಬಂದು ಬಿಡಿಸಲು ಹೊರಟರೆ ಮತ್ತೆ ಅಸಿಟೋನಿಗೆ ಕರಗಬೇಕು. ಆಮೇಲೆ ಮೂಳೆಯನ್ನಲ್ಲ, ಮೂಳೆಯಿರುವ ಕಲ್ಲನ್ನೇ ಸುತ್ತ ಅಗೆದು ಪೀಠದಂತೆ ಬಿಡಿಸುವುದು. ಅದರ ಮೇಲೆ ಒದ್ದೆ ಕಾಗದದ ಪದರ, ಕಾಗದದ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಗೋಣಿತಟ್ಟಿನ ಪಟ್ಟಿಗಳು. ಒಣಗಿದ ಮೇಲೆ ಬುಡ ಕಡಿದು ಒಂದೇ ಪಟ್ಟಿಗೆ ಮಗುಚಬೇಕು. ಗುಂಪಿನವರೆಲ್ಲ ಉಸಿರು ಬಿಗಿಹಿಡಿಯುವ ಗಳಿಗೆ ಅದು. ತಳ ಸಡಿಲವಾಗಿದ್ದರೆ ವಾರಗಟ್ಟಲೆಯ ಕೆಲಸ ಮಣ್ಣಿನ ಜೊತೆ ಉದುರಿಹೋಗುತ್ತದೆ. ಮಗುಚಿದ ಗಂಟಿನ ತಳಕ್ಕೂ ಪ್ಲಾಸ್ಟರ್ ಹಚ್ಚಿ, ಸಂಖ್ಯೆ ಬರೆದು, ಲಾರಿಗೆ ಏರಿಸುವುದು. ಅಲ್ಲಿಂದಾಚೆಯದು ಕೋಣೆಯೊಳಗಿನ ಕೆಲಸ. ಸೂಕ್ಷ್ಮದರ್ಶಕದಡಿ ಸೂಜಿಯಿಂದ, ಗಾಳಿಯ ಒತ್ತಡಕ್ಕೆ ನಡುಗುವ ಮೊನೆಯಿಂದ, ಕೆಲವೊಮ್ಮೆ ತೆಳು ಆಮ್ಲದಿಂದ ಕಲ್ಲನ್ನು ಕಣಕಣವಾಗಿ ಬಿಡಿಸಬೇಕು. ಬಯಲಿನಲ್ಲಿ ಒಂದು ದಿನ ಅಗೆದದ್ದಕ್ಕೆ ಕೋಣೆಯಲ್ಲಿ ತಿಂಗಳುಗಳೇ ಹಿಡಿಯಬಹುದು. ಹಾಗಾಗಿ ಜಗತ್ತಿನ ಎಷ್ಟೋ ಮ್ಯೂಸಿಯಂಗಳ ನೆಲಮಾಳಿಗೆಯಲ್ಲಿ ಬಿಚ್ಚದ ಪ್ಲಾಸ್ಟರ್ ಗಂಟುಗಳು ದಶಕಗಳಿಂದ ಕಾಯುತ್ತ ಕೂತಿವೆ.

ನಾನು ಈ ಸೀಮೆಗೆ ಬಂದದ್ದು ನಿಜವಾಗಿ ಒಂದು ಹಾವಿಗಾಗಿ. ಧೋಲಿ ಡುಂಗ್ರಿ ಎಂಬ ಹಳ್ಳಿ ಇಲ್ಲಿಗೆ ದೂರವಲ್ಲ. 1980ರ ದಶಕದಲ್ಲಿ ಜಿಎಸ್‌ಐನ ಧನಂಜಯ ಮೊಹಬೆ ಅಲ್ಲಿನ ಸುಣ್ಣಕಲ್ಲಿನಿಂದ ಒಂದು ಹಾಸನ್ನು ಎತ್ತಿದರು. ಅದರಲ್ಲಿ ಮೂರು ಮೊಟ್ಟೆಗಳಿದ್ದವು, ಪಕ್ಕದಲ್ಲಿ ಸಣ್ಣ ಸಣ್ಣ ಮೂಳೆಗಳಿದ್ದವು. ಮೊಟ್ಟೆಯ ಬಳಿ ಎಳೆಯ ಮೂಳೆ ಎಂದರೆ ಮರಿಯೇ ಇರಬೇಕು. 1987ರಲ್ಲಿ ಹಾಗೆಂದೇ ಪ್ರಕಟವಾಯಿತು: ಆಗತಾನೆ ಹುಟ್ಟಿದ ಸಾರೋಪಾಡ್, ಎಂದರೆ ಉದ್ದ ಕತ್ತಿನ ಡೈನೋಸಾರ್. ಅಷ್ಟೇ ಆಗಿದ್ದರೂ ಅಪರೂಪದ ಸಂಗತಿಯೇ. ಮೊಟ್ಟೆ ಸಾವಿರಾರು ಸಿಗುತ್ತವೆ, ಮರಿಯ ಮೂಳೆ ಸಿಗುವುದು ಬಹಳ ಕಡಿಮೆ. ಎಳೆಯ ಮೂಳೆ ಕಲ್ಲಾಗುವ ಮೊದಲೇ ಕರಗಿಹೋಗುತ್ತದೆ.

2001ರಲ್ಲಿ ಜೆಫ್ರಿ ವಿಲ್ಸನ್ ಆ ಹಾಸನ್ನು ನೋಡಿದರು. ಅವರ ಕಣ್ಣು ನಿಂತದ್ದು ಸಾಲಾಗಿದ್ದ ಕೆಲವು ಬೆನ್ನುಮಣಿಗಳ ಮೇಲೆ. ಹಾವಿನ ಬೆನ್ನುಮಣಿಗೆ ಬೇರೆ ಪ್ರಾಣಿಗಳಂತೆ ಇರುವ ಕೀಲುಗಳಲ್ಲದೆ, ಒಂದರೊಳಗೊಂದು ಕೂರುವ ಇನ್ನೊಂದು ಜೊತೆ ಹೆಚ್ಚುವರಿ ಕೀಲು ಇರುತ್ತದೆ. ಅಷ್ಟುದ್ದದ ಮೈ ಹೊರಳುವಾಗ ತಿರುಚಿ ಕಳಚಿಕೊಳ್ಳದಂತೆ ಹಿಡಿಯುವುದು ಅದೇ. ಡೈನೋಸಾರ್ ಮರಿಗೆ ಆ ಕೀಲು ಇಲ್ಲ. ಈ ಕಲ್ಲಿನಲ್ಲಿದ್ದ ಮಣಿಗಳಿಗೆ ಇತ್ತು.

ಆಮೇಲೆ ಆದದ್ದು ಸರ್ಕಾರಿ ಕಾಗದಪತ್ರದ ಕೆಲಸ. 2004ರಲ್ಲಿ ಜಿಎಸ್‌ಐಗೂ ಮಿಷಿಗನ್ ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಗಿ ಹಾಸು ಅಮೆರಿಕಕ್ಕೆ ಹೋಯಿತು. ಅಲ್ಲಿ ಕಲ್ಲು ಬಿಡಿಸುತ್ತ ಹೋದಂತೆ ಮಣಿಗಳ ಸಾಲು ಬಾಗಿತು, ಸುತ್ತಿತು, ಒಡೆದ ಮೊಟ್ಟೆಯೊಂದನ್ನು ಬಳಸಿಕೊಂಡಿತು. ಸುರುಳಿಯ ಮೇಲೆ ತಲೆ ಇತ್ತು. ಪಕ್ಕದಲ್ಲೇ ನಿಜವಾದ ಡೈನೋಸಾರ್ ಮರಿಯ ಎದೆ, ಮುಂಗಾಲಿನ ಮೂಳೆಗಳು. ಮರಿಯ ಉದ್ದ ಸುಮಾರು ಅರ್ಧ ಮೀಟರ್, ಹಾವಿನದು ಮೂರೂವರೆ ಮೀಟರ್. ಹಾವುಗಳ ತಜ್ಞ ಜೇಸನ್ ಹೆಡ್ ದವಡೆಯನ್ನು ಪರೀಕ್ಷಿಸಿದರು. ಇಂದಿನ ಹೆಬ್ಬಾವಿನಂತೆ ಬಾಯಿಯನ್ನು ಅಗಲಕ್ಕೆ ತೆರೆದು ಮೊಟ್ಟೆಯನ್ನೇ ನುಂಗುವ ಶಕ್ತಿ ಇದಕ್ಕಿರಲಿಲ್ಲ. ಆದ್ದರಿಂದ ಇದು ಕಾದು ಕೂತಿದ್ದುದು ಮೊಟ್ಟೆ ಒಡೆದು ಮರಿ ಹೊರಬರುವ ಹೊತ್ತಿಗೆ. ಮೊಟ್ಟೆ ಒಡೆಯಿತು, ಹಾವು ಸುತ್ತಿಕೊಂಡಿತು. ಅಷ್ಟರಲ್ಲಿ ಮರಳು ಕಲಸಿದ ಕೆಸರು, ಬಹುಶಃ ಬಿರುಮಳೆಯಲ್ಲಿ ಪಕ್ಕದ ಇಳಿಜಾರಿನಿಂದ ಜಾರಿದ್ದು, ಎಲ್ಲವನ್ನೂ ಒಟ್ಟಿಗೆ ಮುಚ್ಚಿತು. ನಿಧಾನವಾಗಿ ಹೂತಿದ್ದರೆ ಸುರುಳಿ ಕೆದರಿಹೋಗುತ್ತಿತ್ತು, ಉಳಿದ ಮೊಟ್ಟೆಗಳು ಅಪ್ಪಚ್ಚಿಯಾಗುತ್ತಿದ್ದವು. ಇದು ಆಕಸ್ಮಿಕವಾಗಿ ಜೊತೆಗೆ ಬಿದ್ದದ್ದಲ್ಲವೆ ಎಂಬ ಪ್ರಶ್ನೆಗೂ ಉತ್ತರ ಆ ಜಾಗದಲ್ಲೇ ಸಿಕ್ಕಿತು: ಅಲ್ಲಿ ಮೊಟ್ಟೆಗಳ ಜೊತೆ ಅದೇ ಹಾವಿನ ಮೂಳೆ ಇರುವ ಬೇರೆ ಕಲ್ಲುಗಳೂ ದೊರೆತವು. 2010ರ ಮಾರ್ಚಿನಲ್ಲಿ ಪ್ರಕಟವಾದ ಲೇಖನದಲ್ಲಿ ಹಾವಿನ ಹೆಸರು ಸನಾಜೆ ಇಂಡಿಕಸ್. ಲೇಖಕರ ಸಾಲಿನಲ್ಲಿ ಮೊಹಬೆ ಕೂಡ ಇದ್ದಾರೆ. ತಾನು ಎತ್ತಿದ ಕಲ್ಲಿಗೆ ತಾನೇ ಕೊಟ್ಟಿದ್ದ ಅರ್ಥವನ್ನು ಎರಡು ದಶಕದ ಮೇಲೆ ತಿದ್ದಿ ಬರೆದರು. ನಮ್ಮ ವಿದ್ವತ್ ವಲಯದ ಜಗಳಗಳನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇದೇ ಮೊಹಬೆ ಇನ್ನೊಂದು ಕಳೆದುಹೋದ ವಸ್ತುವನ್ನೂ ಹುಡುಕಿದರು, ಈ ಸಲ ಕಲ್ಲಿನೊಳಗಲ್ಲ, ಕಪಾಟಿನೊಳಗೆ. ಭಾರತದಲ್ಲಿ ಮೊದಲ ಡೈನೋಸಾರ್ ಮೂಳೆ ಸಿಕ್ಕಿದ್ದು 1828ರಲ್ಲಿ, ಜಬಲ್ಪುರದ ದಂಡಿನ ಪ್ರದೇಶದಲ್ಲಿ. ಎತ್ತಿಕೊಂಡವರು ವಿಲಿಯಂ ಸ್ಲೀಮನ್. ಹೌದು, ಠಗ್ಗರನ್ನು ಹಿಡಿದು ಹೆಸರಾದ ಅದೇ ಸ್ಲೀಮನ್. ಆಗಿನ್ನೂ ಡೈನೋಸಾರ್ ಎಂಬ ಹೆಸರೇ ಹುಟ್ಟಿರಲಿಲ್ಲ. ಬಾಲದ ಆ ಮಣಿಗಳು ಕೈಯಿಂದ ಕೈಗೆ ದಾಟಿ ಕಲ್ಕತ್ತ ಸೇರಿದವು, 1877ರಲ್ಲಿ ರಿಚರ್ಡ್ ಲಿಡೆಕರ್ ಅವುಗಳ ಆಧಾರದಿಂದ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಇಂದು ಜಗತ್ತಿನಾದ್ಯಂತ ಟೈಟನೋಸಾರ್ ಎಂದು ಕರೆಯುವ ಇಡೀ ಬಳಗಕ್ಕೆ ಹೆಸರು ಕೊಟ್ಟ ಮೂಳೆ. ಆಮೇಲೆ ಅದು ಕಾಣೆಯಾಯಿತು. ತಲೆಮಾರುಗಳ ತಜ್ಞರು ಚಿತ್ರ, ಅಚ್ಚು ನೋಡಿ ವಾದ ಮಾಡಿದರು. 2012ರಲ್ಲಿ ಕೋಲ್ಕತ್ತದ ಜಿಎಸ್‌ಐ ಸಂಗ್ರಹದಲ್ಲೇ, ಕಳೆದುಹೋಗಿದೆ ಎಂದುಕೊಂಡಿದ್ದ ಊರಿನಲ್ಲೇ, ಅದು ಸಿಕ್ಕಿತು. ಪಳೆಯುಳಿಕೆಯ ಶತ್ರು ಕಾಲ ಎನ್ನುತ್ತೇವೆ. ನೋಡಿದರೆ ಆರೂವರೆ ಕೋಟಿ ವರ್ಷ ತಾಳಿಕೊಂಡ ಮೂಳೆ ಕಳೆದುಹೋದದ್ದು ಒಂದು ಶತಮಾನದ ಕಚೇರಿ ವ್ಯವಹಾರದಲ್ಲಿ.

ಗೆಳತಿಗೆ ಮಾತ್ರ ಮೂಳೆ, ಮೊಟ್ಟೆ, ಹಾವು ಯಾವುದೂ ಅಷ್ಟು ದೊಡ್ಡದಲ್ಲ. ಆಕೆಯ ಪ್ರೀತಿ ಸಗಣಿಯ ಮೇಲೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ಇದೇ ಕಾಲದ ಪದರಗಳಿಂದ ಕಲ್ಲಾದ ಸಗಣಿ ಸಿಗುತ್ತದೆ, ಟೈಟನೋಸಾರ್‌ಗಳದ್ದೆಂದು ಅಂದಾಜು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಜೊತೆಗಾರರು ಅದರ ಚೂರುಗಳನ್ನು ಆಮ್ಲಗಳಲ್ಲಿ ಕರಗಿಸಿ ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಿಡಗಳು ಮಣ್ಣಿನಿಂದ ಹೀರಿಕೊಂಡ ಸಿಲಿಕಾ ಅವುಗಳ ಜೀವಕೋಶದ ಆಕಾರದಲ್ಲೇ ಗಟ್ಟಿಯಾಗುತ್ತದೆ; ಗಿಡ ಕೊಳೆತರೂ, ಹೊಟ್ಟೆಯಲ್ಲಿ ಜೀರ್ಣವಾದರೂ ಆ ಹರಳು ಉಳಿಯುತ್ತದೆ. ಅವುಗಳ ನಡುವೆ ಹುಲ್ಲಿನ ಹರಳುಗಳಿದ್ದವು. 2005ರವರೆಗೆ ಪಠ್ಯಪುಸ್ತಕಗಳ ಪ್ರಕಾರ ಡೈನೋಸಾರ್‌ಗಳು ಹುಲ್ಲನ್ನು ಕಂಡೇ ಇರಲಿಲ್ಲ, ಹುಲ್ಲು ಬಂದದ್ದು ಅವು ಹೋದ ಮೇಲೆ. ಆ ಮಾತು ಒಂದು ಹಿಡಿ ಸಗಣಿಯಿಂದ ಬಿದ್ದುಹೋಯಿತು. ಮುಂದಿನ ಅಧ್ಯಯನದಲ್ಲಿ ಭತ್ತದ ಬಳಗದ ಹುಲ್ಲೂ ಅದರಲ್ಲಿ ಗುರುತಾಯಿತು. ಅನ್ನದ ಹಿರಿಯರು ಡೈನೋಸಾರಿನ ಹೊಟ್ಟೆ ಸೇರುತ್ತಿದ್ದರೆಂಬುದು ಆ ರಾತ್ರಿ ಬಾಜ್ರಾ ರೊಟ್ಟಿ ತಿನ್ನುತ್ತಿದ್ದಾಗ ನಮ್ಮಿಬ್ಬರಿಗೂ ಭಾರಿ ತಮಾಷೆಯಾಗಿ ಕಂಡಿತು.

ರೈಯೋಲಿಯ ಸುಣ್ಣಕಲ್ಲಿನ ಪದರದ ನೆತ್ತಿಯ ಮೇಲೆ ಕೂತಿರುವುದು ದಖ್ಖನ್ನಿನ ಕಪ್ಪುಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಲೆಯ ಮೇಲೆ ಅಲೆಯಾಗಿ ಹರಿದ ಲಾವಾ. ಅದರ ದಕ್ಷಿಣದ ಅಂಚು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆ. ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ನೆಲ ತಣ್ಣಗಿದ್ದ ಕಾಲದಲ್ಲಿ ಕೆರೆಗಳಾದವು, ಕೆಸರು ಕೂತಿತು, ಮತ್ತೆ ಲಾವಾ ಬಂದು ಮುಚ್ಚಿತು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಅಂಥ ಪದರದಿಂದ ಸಿಹಿನೀರಿನ ಸೂಕ್ಷ್ಮಜೀವಿಗಳ ಪಳೆಯುಳಿಕೆ ಸಿಕ್ಕಿವೆ. ಗಡಿಯಾಚೆ, ಈಗ ತೆಲಂಗಾಣದಲ್ಲಿರುವ ನಸ್ಕಲ್‌ನಲ್ಲಿ ಜಿ. ವಿ. ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಇಂಥದೇ ಜೇಡಿಯನ್ನು ರಾಶಿಗಟ್ಟಲೆ ತಂದು, ನೀರಿನಲ್ಲಿ ನೆನೆಸಿ, ಸಣ್ಣ ಜರಡಿಗಳಲ್ಲಿ ತೊಳೆದು, ಉಳಿದ ಚರಟವನ್ನು ಸೂಕ್ಷ್ಮದರ್ಶಕದಡಿ ಒಂದೊಂದು ಕಾಳಾಗಿ ಆರಿಸಿದರು. ಸಿಕ್ಕಿದ್ದು ಮಿಲಿಮೀಟರ್ ಲೆಕ್ಕದ ಹಲ್ಲುಗಳು. ಇಲಿಯಷ್ಟು ಪುಟ್ಟ ಸಸ್ತನಿಯವು, ಭಾರತದಲ್ಲಿ ಡೈನೋಸಾರ್ ಕಾಲದಿಂದ ದೊರೆತ ಮೊದಲ ಸಸ್ತನಿ. 1988ರಲ್ಲಿ ಅದು ಪ್ರಕಟವಾಯಿತು.

"ನಮ್ಮ ಕಡೆ ಬಾವಿ ತೋಡುವಾಗ ಎರಡು ಕರಿಗಲ್ಲಿನ ನಡುವ ಬೂದಿ ಬಣ್ಣದ ಜೇಡಿ ಬಂದರ, ಕೆಲಸ ಕೆಡ್ತು ಅಂತ ಬೈಕೊಂತ ದಂಡಿಗೆ ಚೆಲ್ಲತಾರ" ಎಂದಳು ಗೆಳತಿ. ಅಂಥ ರಾಶಿ ಕಂಡಲ್ಲೆಲ್ಲ ಒಂದು ಚೀಲ ತುಂಬಿಕೊಳ್ಳುವುದು ಆಕೆಯ ರೂಢಿ. ಅವಳ ಕಾಲೇಜಿನ ಹಿಂದಿನ ನಲ್ಲಿಯಡಿ ಜರಡಿ ಇಟ್ಟುಕೊಂಡು ಬಿಎಸ್ಸಿ ಮಕ್ಕಳು ಪರೀಕ್ಷೆ ಮುಗಿದ ಮೇಲೆ ಅದನ್ನು ತೊಳೆಯುತ್ತಾರೆ. ಇಲ್ಲಿಯವರೆಗೆ ಮೀನಿನ ಹುರುಪೆ, ಬಸವನಹುಳದ ಚಿಪ್ಪು ಸಿಕ್ಕಿವೆ, ಹಲ್ಲು ಇನ್ನೂ ಇಲ್ಲ. ಮುಂದಿನ ಬೇಸಿಗೆಗೆ ನನ್ನನ್ನೂ ಬರಲು ಹೇಳಿದ್ದಾಳೆ. ಕಣ್ಣಿನ ಪವರ್ ಸರಿಯಾಗಿ ಪರೀಕ್ಷೆ ಮಾಡಿಸಿಕೊಂಡು ಬಾ ಎಂಬ ಷರತ್ತಿನ ಮೇಲೆ.